ತಿರುಪತಿ ಮುಡಿಯ ವಿಗ್‌ಗೆ ಬೆಂಕಿ ಹಾಕಿದ್ದು ಯಾಕೆ? ಯಹೂದಿ ಶಾಸ್ತ್ರ ಬೇರೆಯವರನ್ನು ಹೇಗೆ ನೋಡುತ್ತೆ?

ಕೆರೆಏರಿ
2004ರ ಮೇ ತಿಂಗಳಲ್ಲಿ ಜೆರುಸಲೇಮಿನಲ್ಲೂ ನ್ಯೂಯಾರ್ಕಿನ ಬ್ರೂಕ್ಲಿನ್‌ನಲ್ಲೂ ಬೀದಿಯಲ್ಲೇ ವಿಗ್‌ಗಳ ರಾಶಿಗೆ ಬೆಂಕಿ ಹಾಕಿದರು. ಮದುವೆಯಾದ ಸಂಪ್ರದಾಯಸ್ಥ ಯಹೂದಿ ಹೆಂಗಸರು ಸ್ವಂತ ಕೂದಲು ಕಾಣದ ಹಾಗೆ ಹಾಕಿಕೊಳ್ಳೋ ವಿಗ್‌ಗಳು ಅವು. ಕೂದಲು ಹೋಗಿದ್ದು ತಿರುಮಲದಿಂದ, ಹರಕೆಯ ಮುಡಿ. ರಬ್ಬಿ ಯೋಸೆಫ್ ಶಾಲೋಮ್ ಎಲ್ಯಾಶಿವ್ ಅದನ್ನು ನಿಷಿದ್ಧ ಅಂತ ಹೇಳಿದರು ಅನ್ನೋವರೆಗೆ ಗೊತ್ತು.
ಕೇಳಬೇಕಾಗಿರೋದು ಇಷ್ಟು: ನಮ್ಮ ಮುಡಿ ಅವರಿಗೆ ಮೈಲಿಗೆಯಾ? ಅಷ್ಟು ದುಬಾರಿ ವಸ್ತುವನ್ನು ಬೇರೆಯವರಿಗೆ ಮಾರದೆ ಸುಟ್ಟದ್ದು ಯಾಕೆ? ಬೇರೆಯವರು ಮಾಡಿದ ಅಡುಗೆ ಅವರು ಉಣ್ಣಲ್ಲ ಅಂತಾರಲ್ಲ, ಅದೂ ನಮ್ಮ ಮಡಿ ಥರದ್ದೇ ಏನು? ತಿಳಿದವರು ಬಿಡಿಸಿ ಬರೀರಿ. ವಾಟ್ಸಾಪ್ ಫಾರ್ವರ್ಡ್ ಹಾಕಬೇಡಿ.

ಶಾಸನಪ್ರಿಯ
ಮೈಲಿಗೆ ಅನ್ನೋ ಮಾತೇ ಇಲ್ಲಿ ದಾರಿ ತಪ್ಪಿಸುತ್ತೆ ಸರ್. ಹಿಂದೂಗಳ ಕೂದಲು ಅನ್ನೋ ಕಾರಣಕ್ಕೆ ಯಾವ ತಕರಾರೂ ಇರಲಿಲ್ಲ. ದುಡ್ಡಿಗೆ ಜಡೆ ಕತ್ತರಿಸಿ ಮಾರಿದ ಹೆಂಗಸಿನ ಕೂದಲಾದರೆ ಆ ತೀರ್ಪು ಅದಕ್ಕೆ ತಾಗೋದೇ ಇಲ್ಲ. ತಕರಾರು ಇದ್ದದ್ದು ‘ತಕ್ರೋವೆತ್’ ಬಗ್ಗೆ, ಅಂದ್ರೆ ಅನ್ಯ ಆರಾಧನೆಗೆ ಒಪ್ಪಿಸಿದ ವಸ್ತು.

ಶಾಸ್ತ್ರದಲ್ಲಿ ಇದು ಎರಡು ಬಗೆ. ಒಂದು ವಿಗ್ರಹ, ಇನ್ನೊಂದು ವಿಗ್ರಹಕ್ಕೆ ಒಪ್ಪಿಸಿದ್ದು. ಯಹೂದಿಯಲ್ಲದವನ ವಿಗ್ರಹವನ್ನು ಅವನೇ ರದ್ದು ಮಾಡಬಹುದು. ಕಿವಿಯ ತುದಿ, ಮೂಗಿನ ತುದಿ, ಬೆರಳ ತುದಿ ಮುರಿದರೆ ಸಾಕು, ಅದು ಬರೀ ಕಲ್ಲು, ಬರೀ ಲೋಹ. ಆಮೇಲೆ ಯಹೂದಿಯೂ ಬಳಸಬಹುದು. ಒಪ್ಪಿಸಿದ ವಸ್ತುವಿಗೆ ಆ ದಾರಿ ಇಲ್ಲ, ಅದನ್ನು ಯಾರೂ ಯಾವತ್ತೂ ರದ್ದು ಮಾಡೋಕಾಗಲ್ಲ ಅಂತ ತಾಲ್ಮುಡ್ (ಯಹೂದಿ ಶಾಸ್ತ್ರಚರ್ಚೆಗಳ ದೊಡ್ಡ ಗ್ರಂಥ) ಹೇಳುತ್ತೆ. ಬಳಸುವಂತಿಲ್ಲ ಅನ್ನೋದಷ್ಟೇ ಆಗಿದ್ದರೆ ಮಾರಿ ಕೈ ತೊಳಕೊಳ್ಳಬಹುದಿತ್ತು. ಇಲ್ಲಿ ಅದರಿಂದ ಯಾವ ಲಾಭವನ್ನೂ ಪಡೆಯುವಂತಿಲ್ಲ. ಮಾರಿದ ದುಡ್ಡೂ ಲಾಭವೇ, ದಾನ ಕೊಟ್ಟು ಬಂದ ಕೃತಜ್ಞತೆಯೂ ಲಾಭವೇ. ಅದಕ್ಕೇ ಬೆಂಕಿ.

ಬೆರಕೆಯ ಲೆಕ್ಕವೂ ಕಟ್ಟುನಿಟ್ಟು. ಸಾಮಾನ್ಯವಾಗಿ ನಿಷಿದ್ಧ ಆಹಾರದ ಒಂದು ಹನಿ ಅದರ 60 ಪಟ್ಟು ಆಹಾರದಲ್ಲಿ ಬಿದ್ದರೆ ಇಲ್ಲವೆಂದೇ ಲೆಕ್ಕ. ಈ ವರ್ಗಕ್ಕೆ ಆ ರಿಯಾಯಿತಿ ಇಲ್ಲ, ಎಷ್ಟು ಸಣ್ಣ ಪಾಲಾದರೂ ಇದೆ ಅಂತಲೇ. ನಾಲ್ಕು ದೇಶದ ಕೂದಲು ಕಲೆಸಿ ಹೆಣೆದ ವಿಗ್ ಸಿಕ್ಕಿಹಾಕಿಕೊಂಡದ್ದು ಇಲ್ಲೇ.

ಗುಡ್ಡದ_ಓಣಿ
ಅಲ್ರೀ, ಮುಡಿ ದೇವರ ಮುಂದ ಇಟ್ಟು ಪೂಜಿ ಮಾಡಂಗಿಲ್ಲಲ್ರೀ. ಕಲ್ಯಾಣಕಟ್ಟೆಯೊಳಗ ತೆಗೀತಾರ, ಅಲ್ಲೇ ಗುಡಿಸ್ತಾರ, ಮ್ಯಾಲೆ ಹರಾಜು. ಭಕ್ತರು ಸ್ನಾನ ಮಾಡಿ ಬರೇ ತಲಿಲೇ ದರ್ಶನಕ್ಕ ಹೋಗ್ತಾರ. ಇದು ‘ಒಪ್ಪಿಸಿದ್ದು’ ಹೆಂಗಾತು?

ಶಾಸನಪ್ರಿಯ
ಸರಿಯಾದ ಜಾಗಕ್ಕೆ ಕೈ ಇಟ್ಟಿರಿ. ರಬ್ಬಿಗಳ ನಡುವೆ ಜಗಳ ಆಗಿದ್ದು ಇದೇ ಮಾತಿಗೆ. ತಕ್ರೋವೆತ್ ಅನ್ನಿಸಿಕೊಳ್ಳಬೇಕಾದರೆ ಆ ಕ್ರಿಯೆ ಜೆರುಸಲೇಮಿನ ದೇವಾಲಯದಲ್ಲಿ ನಡೀತಿದ್ದ ಸೇವೆಯನ್ನು ಹೋಲಬೇಕು: ಬಲಿ ಕಡಿಯೋದು, ದ್ರಾಕ್ಷಾರಸ ಸುರಿಯೋದು, ಈ ಥರ. ಅನುಮತಿ ಕೊಡುವವರ ವಾದ ನಿಮ್ಮದೇ. ಕೂದಲು ದೇವರ ಮುಂದೆ ಹೋಗಲ್ಲ, ಅರ್ಚಕರು ಸ್ವೀಕರಿಸಲ್ಲ. ತೆಗೆಸಿಕೊಳ್ಳೋದು ಅಹಂಕಾರ ಬಿಡೋದರ ಗುರುತು, ಕೂದಲು ಕಸ. ನಿಷೇಧಿಸುವವರ ವಾದ ಬೇರೆ. ಭಕ್ತನ ಬಾಯಲ್ಲಿ ‘ಮುಡಿ ಕೊಡ್ತೀನಿ’ ಅಂತಲೇ ಇದೆ, ದೇವರ ಹೆಸರು ಹೇಳಿಕೊಂಡೇ ಕತ್ತಿ ಇಡ್ತಾರೆ, ಕತ್ತರಿಸೋ ಕ್ರಿಯೆಯೇ ಸಮರ್ಪಣೆ. ಎಲ್ಯಾಶಿವ್ ಅವರೇ ಮೊದಲೊಮ್ಮೆ ಅನುಮತಿ ಕೊಟ್ಟಿದ್ದರು. 2004ರಲ್ಲಿ ಲಂಡನ್ನಿನಿಂದ ಒಬ್ಬ ಧರ್ಮನ್ಯಾಯಾಧೀಶರು ತಿರುಮಲಕ್ಕೇ ಬಂದು ನೋಡಿ ವರದಿ ಕೊಟ್ಟ ಮೇಲೆ ತೀರ್ಪು ತಿರುಗಿತು.

ನನಗೆ ಅನ್ನಿಸೋದು, ಇಡೀ ತೀರ್ಪು ನಿಂತಿದ್ದು ನಮ್ಮ ಒಂದು ಕ್ರಿಯಾಪದದ ಮೇಲೆ. ಮುಡಿ ‘ಕೊಡೋದು’ ಅಂತೀವಿ. ‘ತೆಗೆಸೋದು’ ಅಂತಷ್ಟೇ ಹೇಳುವ ರೂಢಿ ಇದ್ದಿದ್ದರೆ ವಾದದ ಅರ್ಧ ಬಲ ಹೋಗ್ತಿತ್ತು.

ಒಲೆಮುಂದೆ
ಅಡುಗೆ ಪ್ರಶ್ನೆಗೆ ನಾನು ಉತ್ತರಿಸ್ತೀನಿ. ಇದು ಮಡಿ ಅಲ್ಲ ಕಣ್ರೀ, ಮೊದಲು ಅದನ್ನು ತಲೆಯಿಂದ ತೆಗೀರಿ. ಮಡಿಯಲ್ಲಿ ಮುಟ್ಟಿದರೆ ಕೆಡುತ್ತೆ. ಇಲ್ಲಿ ಅಕ್ಕಿ ತೊಳೆಯೋದು, ತರಕಾರಿ ಹೆಚ್ಚೋದು, ಹಿಟ್ಟು ಕಲೆಸೋದು, ಬಡಿಸೋದು, ಎಲ್ಲಾ ಯಾರು ಬೇಕಾದರೂ ಮಾಡಬಹುದು. ತಡೆ ಇರೋದು ಬೆಂಕಿಯ ಮೇಲೆ ಬೇಯಿಸೋ ಹಂತಕ್ಕೆ ಮಾತ್ರ. ಕಾರಣವನ್ನೂ ತಾಲ್ಮುಡ್‌ನ ವ್ಯಾಖ್ಯಾನಕಾರರು ಹೇಳಿದ್ದಾರೆ: ಉಂಡು ಉಂಡು ಸ್ನೇಹವಾಗಿ ಹೆಣ್ಣು ಕೊಟ್ಟು ತರೋ ಮಾತು ಬರುತ್ತೆ ಅಂತ. ಶುಚಿಯ ಮಾತಿಲ್ಲ, ಸಂಬಂಧ ಬೆಳೆಸೋದರ ಭಯ.

ಅದೂ ಎಲ್ಲ ಅಡುಗೆಗೂ ಇಲ್ಲ. ಹಸಿಯಾಗಿ ತಿನ್ನಬಹುದಾದ್ದಕ್ಕೆ ತಡೆ ಇಲ್ಲ. ಕ್ಯಾರೆಟ್, ಟೊಮೆಟೊ, ಹಣ್ಣು ಬೇಯಿಸಿದರೂ ಪರವಾಗಿಲ್ಲ. ರಾಜನ ಪಂಕ್ತಿಯಲ್ಲಿ ರೊಟ್ಟಿಯ ಜೊತೆ ಬಡಿಸೋ ಯೋಗ್ಯತೆ ಇಲ್ಲದ ಸಾದಾ ತಿಂಡಿಗೂ ಇಲ್ಲ. ಹುರಿದ ಕಡಲೆ, ಬಟಾಣಿಯನ್ನು 16ನೇ ಶತಮಾನದಲ್ಲೇ ಪೋಲೆಂಡಿನ ರಬ್ಬಿ ಮೋಶೆ ಇಸ್ಸರ್ಲೆಸ್ ಇದೇ ಲೆಕ್ಕದಲ್ಲಿ ಬಿಟ್ಟಿದ್ದಾರೆ. ಚಹಾ, ಕಾಫಿಯಲ್ಲಿ ಇರೋದು ನೀರೇ ಹೆಚ್ಚು, ಅದಕ್ಕೂ ತಡೆ ಇಲ್ಲ. ಅನ್ನ, ಮಾಂಸ, ಮೊಟ್ಟೆಯಂಥವು ಸಿಕ್ಕಿಬೀಳುತ್ತೆ.

ಹೋಟೆಲ್ ಅಡುಗೆಮನೆಯಲ್ಲಿ ಇದನ್ನು ನಿಭಾಯಿಸೋದು ಹೀಗೆ. ಬಾಣಸಿಗರು ಯಾರೇ ಇರಲಿ, ಮೇಲ್ವಿಚಾರಣೆಗೆ ನಿಂತ ಯಹೂದಿ ಬೆಳಿಗ್ಗೆ ಬಂದು ಒಲೆಯ ಪೈಲಟ್ ಜ್ವಾಲೆ ಹಚ್ಚುತ್ತಾನೆ. ಆ ಜ್ವಾಲೆಯಿಂದ ಬರ್ನರ್ ಹತ್ತಿಕೊಂಡರೆ ಯುರೋಪಿನ ಅಶ್ಕೆನಾಜಿ ಪದ್ಧತಿಗೆ ಸಾಕು. ಉರಿಯೋ ಬೆಂಕಿಗೆ ಒಂದು ಸೌದೆ ಚೂರು ಎಸೆದರೂ ಸಾಕು ಅಂತ ಇಸ್ಸರ್ಲೆಸ್ ಬರೀತಾರೆ. ಸ್ಪೇನ್ ಮೂಲದ ಸೆಫಾರ್ದಿಗಳು ಹಿಡಿಯೋದು ಶಾಸ್ತ್ರಸಂಹಿತೆ ಬರೆದ ಯೋಸೆಫ್ ಕಾರೋ ಅವರ ಮಾತು. ಅದರ ಪ್ರಕಾರ ಬೆಂಕಿ ಹಚ್ಚಿದರೆ ಸಾಲದು, ಪಾತ್ರೆಯನ್ನು ಒಲೆಗೆ ಇಡೋದಾದರೂ ಯಹೂದಿಯ ಕೈಯಲ್ಲಾಗಬೇಕು. ಎಡವಟ್ಟಾಗೋದು ಮಧ್ಯಾಹ್ನ. ಸಿಲಿಂಡರ್ ಬದಲಾಯಿಸ್ತಾರೆ, ಪೈಲಟ್ ಆರುತ್ತೆ, ಅವಸರದಲ್ಲಿ ಅಡುಗೆಯವರೇ ಲೈಟರ್ ಹಿಡಿದುಬಿಡ್ತಾರೆ. ಅಲ್ಲಿಂದ ಮುಂದೆ ಬೆಂದ ಅನ್ನದ ಮೇಲೆ ಪ್ರಶ್ನೆ ಬೀಳುತ್ತೆ.

ಕೆರೆಏರಿ
ಮತ್ತೆ ವೈನ್? ಬಾಟಲಿ ಮುಟ್ಟಿದರೇ ಕೆಡುತ್ತೆ ಅಂತಾರಲ್ಲ ಮೇಡಂ?

ಒಲೆಮುಂದೆ
ಮುಚ್ಚಿದ ಬಾಟಲಿ ಮುಟ್ಟಿದರೆ ಏನೂ ಆಗಲ್ಲ. ತೆರೆದ ಬಾಟಲಿಯಿಂದ ಸುರಿದರೆ, ಒಳಗಿನ ರಸ ಅಲುಗಿಸಿದರೆ ಪ್ರಶ್ನೆ. ಹಳೇ ಕಾಲದಲ್ಲಿ ದೇವರಿಗೆ ಒಂದಿಷ್ಟು ಚೆಲ್ಲಿ ಕುಡಿಯೋ ಪದ್ಧತಿ ಇತ್ತು, ಅದರಿಂದ ಹುಟ್ಟಿದ ಕಟ್ಟಳೆ. ಆಮೇಲೆ ಅದಕ್ಕೂ ಮದುವೆ ಸಂಬಂಧದ ಕಾರಣವೇ ಅಂಟಿಕೊಂಡಿತು. ಕುದಿಸಿದ ದ್ರಾಕ್ಷಾರಸಕ್ಕೆ ಇದು ಅನ್ವಯಿಸಲ್ಲ, ಯಾಕಂದ್ರೆ ಕುದಿಸಿದ್ದನ್ನು ಯಾರೂ ದೇವರಿಗೆ ಎರೀತಿರಲಿಲ್ಲ. ಅದಕ್ಕೇ ಮದುವೆ ಮನೆಗೆ, ವಿಮಾನಕ್ಕೆ ಹೋಗೋ ಕೋಷರ್ (ಶಾಸ್ತ್ರಸಮ್ಮತ) ವೈನ್ ಮೇಲೆ ‘ಮೆವುಶಾಲ್’, ಅಂದ್ರೆ ಕುದಿಸಿದ್ದು, ಅಂತ ಬರೆದಿರುತ್ತೆ. ಅಮೆರಿಕದ ರಬ್ಬಿ ಮೋಶೆ ಫೈನ್‌ಸ್ಟೈನ್ ಲೆಕ್ಕದಲ್ಲಿ ಸುಮಾರು 79 ಡಿಗ್ರಿ ಸೆಲ್ಸಿಯಸ್ ಮುಟ್ಟಬೇಕು. ಬಹಳ ಹೊತ್ತು ಕುದಿಸಿದರೆ ರುಚಿ ಕೆಡುತ್ತೆ ಅಂತ ಕ್ಷಣಮಾತ್ರ ಬಿಸಿ ಮಾಡಿ ತಣ್ಣಗೆ ಮಾಡ್ತಾರೆ. ಬೇರೆಯವರ ವಶದಲ್ಲಿ ಬಿಟ್ಟು ಬರೋದಾದರೆ ಮುದ್ರೆಯೊಳಗೆ ಮುದ್ರೆ, ಎರಡು ಇರಬೇಕು. ವಿಸ್ಕಿಗೆ ಈ ಯಾವ ತಾಪತ್ರಯವೂ ಇಲ್ಲ.

ಗುಡ್ಡದ_ಓಣಿ
ಅಡಿಗಿ ಮಾತು ಸಾಕ್ರಿ. ನೀವೆಲ್ಲಾ ಭಾಳ ಮೆತ್ತಗ ಬರ್ಯಾಕತ್ತೀರಿ. ಮಿಷ್ನಾದೊಳಗ, ತಾಲ್ಮುಡ್ಡಿನ ಮೂಲ ಕಟ್ಟಳಿ ಸಂಗ್ರಹದಾಗ, ಇಲ್ಲೇನ್ರಿ: ಯಹೂದಿಯ ಎತ್ತು ಬ್ಯಾರೆಯವರ ಎತ್ತಿಗೆ ಹಾಯ್ದ್ರ ದಂಡ ಇಲ್ಲ, ಬ್ಯಾರೆಯವರ ಎತ್ತು ಯಹೂದಿ ಎತ್ತಿಗೆ ಹಾಯ್ದ್ರ ಪೂರ್ತಿ ದಂಡ? ದಿನಾ ಮುಂಜಾನೆ ‘ನನ್ನನ್ನ ಗೋಯ್ (ಯಹೂದಿ ಅಲ್ಲದವ) ಮಾಡಲಿಲ್ಲ, ನಿನಗ ಸ್ತುತಿ’ ಅಂತಾರ. ಹಸಿದೀ ಪಂಥದ ‘ತಾನ್ಯಾ’ ಮೊದಲನೇ ಅಧ್ಯಾಯದಾಗ ಬ್ಯಾರೆ ಜನರ ಆತ್ಮ ಅಶುದ್ಧ ಸಿಪ್ಪಿಯಿಂದ ಬಂದದ್ದು ಅಂತೈತಿ. ಇದನ್ನ ಮುಚ್ಚಿಟ್ಟು ಚರ್ಚಾ ಹೆಂಗ ಮಾಡ್ತೀರಿ?

ಶಾಸನಪ್ರಿಯ
ಮುಚ್ಚಿಡಬಾರದು, ನೀವು ಹೇಳಿದ ಮೂರೂ ಇದೆ. ಎತ್ತಿನ ಕಟ್ಟಳೆಯ ಮೇಲೆ ತಾಲ್ಮುಡ್ ಒಳಗೇ ತಕರಾರು ದಾಖಲಾಗಿದೆ ನೋಡಿ. ರೋಮ್ ಸರ್ಕಾರ ಇಬ್ಬರು ಅಧಿಕಾರಿಗಳನ್ನು ತೋರಾ, ಅಂದ್ರೆ ಯಹೂದಿ ಧರ್ಮಶಾಸ್ತ್ರ, ಕಲಿಯೋಕೆ ಕಳಿಸುತ್ತೆ. ಪೂರ್ತಿ ಓದಿ ಹೊರಡುವಾಗ ಅವರು ಹೇಳ್ತಾರೆ: ಎಲ್ಲ ಸರಿಯಾಗಿದೆ, ಈ ಎತ್ತಿನ ಮಾತೊಂದು ಬಿಟ್ಟು. ತಮ್ಮ ಮೇಲಿನ ಆಕ್ಷೇಪವನ್ನು ತಮ್ಮ ಗ್ರಂಥದಲ್ಲೇ ಬರೆದಿಟ್ಟುಕೊಂಡಿದ್ದಾರೆ. ಜೆರುಸಲೇಮಿನ ತಾಲ್ಮುಡ್ಡಿನಲ್ಲಿ ಈ ಕಥೆ ಇನ್ನೂ ಮುಂದಕ್ಕೆ ಹೋಗುತ್ತೆ. ಬೇರೆಯವರಿಂದ ಕದ್ದದ್ದು ನಿಷಿದ್ಧ, ಯಾಕಂದ್ರೆ ಅದರಿಂದ ದೇವರ ಹೆಸರಿಗೆ ಕಳಂಕ ಅಂತ ರಬ್ಬಾನ್ ಗಮ್ಲಿಯೇಲ್ ಆಗಲೇ ಕಟ್ಟು ಮಾಡಿದರಂತೆ.

ಮುಂದೆ ಫ್ರಾನ್ಸಿನ ದಕ್ಷಿಣದಲ್ಲಿ, ಪರ್ಪಿನ್ಯಾನ್ ಊರಲ್ಲಿ ಮೆನಾಖೇಮ್ ಮೆಯಿರಿ ಅಂತ ಒಬ್ಬರು ಬಂದರು, 1249ರಲ್ಲಿ ಹುಟ್ಟಿದವರು. ಅವರ ಮಾತು: ಇಂಥ ಕಟ್ಟಳೆಗಳೆಲ್ಲ ಯಾವ ನೀತಿ ನಿಯಮವೂ ಇಲ್ಲದ ಹಳೇ ಜನರಿಗೆ ಹೇಳಿದ್ದು; ಧರ್ಮದ ಕಟ್ಟುಪಾಡಿನಲ್ಲಿ ಬದುಕೋ ಜನ ಎತ್ತಿನ ದಂಡಕ್ಕೂ, ಕಳೆದ ವಸ್ತು ಹಿಂದಿರುಗಿಸೋದಕ್ಕೂ, ಜೀವ ಉಳಿಸೋದಕ್ಕೂ ಯಹೂದಿಗೆ ಸಮ. ಮೆಯಿರಿ ಬರೆದದ್ದರಲ್ಲಿ ಬಹುಪಾಲು ಶತಮಾನಗಳ ಕಾಲ ಯಾರ ಕೈಗೂ ಸಿಗಲಿಲ್ಲ. ಅದಕ್ಕೇ ಶಾಸ್ತ್ರದ ಮುಖ್ಯ ಸಂಹಿತೆಗಳು ಬರೆಯುವಾಗ ಅವರ ಮಾತಿಗೆ ಸಿಗಬೇಕಾದ ತೂಕ ಸಿಕ್ಕಲಿಲ್ಲ. ನನ್ನ ಮಟ್ಟಿಗೆ ಈ ವಿಷಯದಲ್ಲಿ ಅತ್ಯಂತ ದೊಡ್ಡ ನಷ್ಟ ಇದೇ.

ತಾನ್ಯಾ ವಿಚಾರ: ಅದು ಕಬ್ಬಾಲಾ ಅನ್ನೋ ಯಹೂದಿ ಅನುಭಾವ ಪರಂಪರೆಯ ಮಾತು. ಆತ್ಮದಲ್ಲೇ ಭೇದ ಅನ್ನೋ ಈ ಎಳೆಯ ಎದುರಿಗೆ 12ನೇ ಶತಮಾನದ ಶಾಸ್ತ್ರಕಾರ ರಂಬಾಮ್, ಅಂದರೆ ಮೈಮೊನಿಡೀಸ್, ನಿಂತಿದ್ದಾರೆ. ಅವರಿಗೆ ಮನುಷ್ಯರೆಲ್ಲರ ಸ್ವರೂಪ ಒಂದೇ. ಭೇದ ಹೊತ್ತುಕೊಂಡ ಕಟ್ಟಳೆಯಲ್ಲಿ ಮಾತ್ರ. ಎರಡೂ ಎಳೆ ಇವತ್ತಿಗೂ ಜೀವಂತ. ಒಂದನ್ನೇ ತೋರಿಸಿ ‘ಯಹೂದಿ ಧರ್ಮ ಹೀಗೆನ್ನುತ್ತೆ’ ಅಂದರೆ ಅದು ಅರ್ಧ ಸತ್ಯ.

ಅಕ್ಷರಸಾಕ್ಷಿ
‘ಗೋಯ್’ ಅನ್ನೋದು ಬೈಗುಳ ಅಲ್ಲ, ಜನಾಂಗ ಅಂತ ಅರ್ಥ. ಸೀನಾಯಿ ಬೆಟ್ಟದ ಬುಡದಲ್ಲಿ ಇಸ್ರೇಲ್ ಜನರನ್ನೇ ‘ಗೋಯ್ ಕಾದೋಶ್’, ಪವಿತ್ರ ಜನಾಂಗ, ಅಂತ ಕರೆದಿದೆ. ಬೈಗುಳದ ಧಾಟಿ ಬಂದಿದ್ದು ಆಮೇಲೆ.

ಇನ್ನೊಂದು ಎಚ್ಚರಿಕೆ. ಅಚ್ಚಾದ ಪುಸ್ತಕದಲ್ಲಿ ‘ನಕ್ಷತ್ರ, ಗ್ರಹಗಳ ಪೂಜಕ’ ಅಂತ ಕಂಡ ಕೂಡಲೇ ಇದು ನವಗ್ರಹ ಪೂಜೆ ಮಾಡೋ ನಮ್ಮ ಬಗ್ಗೆ ಅಂತ ಕೆಲವರು ಬರೀತಾರೆ. ಅಲ್ಲ. ಮೂಲದಲ್ಲಿ ‘ಗೋಯ್’ ಇದ್ದ ಕಡೆ ಯುರೋಪಿನ ಕ್ರೈಸ್ತ ಸೆನ್ಸಾರ್ ಭಯಕ್ಕೆ ಈ ಪದ ತುರುಕಿದರು. 1578ರಿಂದ 1581ರವರೆಗೆ ಬಾಸೆಲ್‌ನಲ್ಲಿ ಅಚ್ಚಾದ ತಾಲ್ಮುಡ್‌ನಲ್ಲಿ ಅನ್ಯ ಆರಾಧನೆಯ ಭಾಗವನ್ನು ಇಡಿಯಾಗಿ ಕೈಬಿಟ್ಟಿದ್ದರು. ಆದ್ದರಿಂದ ಅಚ್ಚಿನ ಪದ ನೋಡಿ ತೀರ್ಮಾನಕ್ಕೆ ಹೋಗಬೇಡಿ, ಹಸ್ತಪ್ರತಿ ನೋಡಬೇಕು.

ಹಸ್ತಪ್ರತಿ ಎಷ್ಟು ಮುಖ್ಯ ಅನ್ನೋಕೆ ಎರಡು ಜಾಗ. ‘ಒಂದು ಜೀವ ಉಳಿಸಿದವನು ಇಡೀ ಲೋಕ ಉಳಿಸಿದ ಹಾಗೆ’ ಅನ್ನೋ ಮಿಷ್ನಾ ಮಾತು ಹೆಚ್ಚಿನ ಅಚ್ಚುಗಳಲ್ಲಿ ‘ಇಸ್ರೇಲಿನ ಒಂದು ಜೀವ’ ಅಂತಿದೆ. ಬುಡಾಪೆಸ್ಟ್‌ನಲ್ಲಿರೋ ಕೌಫ್‌ಮನ್ ಹಸ್ತಪ್ರತಿಯಲ್ಲಿ ‘ಇಸ್ರೇಲಿನ’ ಇಲ್ಲ. ಇರಲೂ ಬಾರದು; ಆ ವಾಕ್ಯದ ಸುತ್ತ ಇರೋದು ಆದಾಮನ ಮಾತು, ‘ನನ್ನಪ್ಪ ನಿನ್ನಪ್ಪನಿಗಿಂತ ದೊಡ್ಡವನು’ ಅಂತ ಯಾರೂ ಹೇಳದಿರಲಿ ಅಂತ ಮನುಷ್ಯನನ್ನು ಒಬ್ಬನನ್ನೇ ಸೃಷ್ಟಿಸಿದ್ದು ಅನ್ನೋ ಮಾತು.

ಎರಡನೆಯದು ರಂಬಾಮ್ ಬರೆದದ್ದು. ಯಹೂದಿಯಲ್ಲದವನು ನೋಹನ ಏಳು ಕಟ್ಟಳೆಗಳನ್ನು ದೇವರ ಆಜ್ಞೆ ಅಂತ ಪಾಲಿಸಿದರೆ ಅವನಿಗೆ ಪರಲೋಕದಲ್ಲಿ ಪಾಲಿದೆ. ಬರೀ ಬುದ್ಧಿಗೆ ಸರಿ ಕಂಡಿತು ಅಂತ ಪಾಲಿಸಿದರೆ ಅವನು ಆ ಪುಣ್ಯವಂತರ ಸಾಲಿಗೆ ಸೇರಲ್ಲ, ‘ಅವರ ಜ್ಞಾನಿಗಳಲ್ಲೂ ಒಬ್ಬನಲ್ಲ’ ಅಂತ ಅಚ್ಚಿನಲ್ಲಿದೆ. ಹಸ್ತಪ್ರತಿಯಲ್ಲಿ ‘ಆದರೆ ಅವರ ಜ್ಞಾನಿಗಳಲ್ಲೊಬ್ಬ’ ಅಂತಿದೆ. ಹೀಬ್ರೂನಲ್ಲಿ ‘ವೆಲೋ’, ‘ಎಲಾ’ ಎರಡೂ ಮೂರಕ್ಷರ. ಕೊನೆಯ ಎರಡಕ್ಷರ ಒಂದೇ, ಮೊದಲನೆಯದು ವಾವ್ ಇದ್ದ ಕಡೆ ಆಲೆಫ್. ಆ ಒಂದಕ್ಷರದಲ್ಲಿ ಅರ್ಥ ತಿರುಗಿಬೀಳುತ್ತೆ. 1773ರಲ್ಲಿ ಜರ್ಮನಿಯ ಯಹೂದಿ ತತ್ವಜ್ಞಾನಿ ಮೋಸೆಸ್ ಮೆಂಡೆಲ್ಸೋನ್ ಈ ಅಚ್ಚಿನ ಮಾತು ಸಹಿಸೋಕಾಗದೆ ರಬ್ಬಿ ಯಾಕೋಬ್ ಎಮ್ಡೆನ್‌ಗೆ ಪತ್ರ ಬರೆದರು.

ಕೆರೆಏರಿ
ಏಳು ಕಟ್ಟಳೆ ಯಾವ್ಯಾವು?

ಅಕ್ಷರಸಾಕ್ಷಿ
ವಿಗ್ರಹಾರಾಧನೆ, ದೇವದೂಷಣೆ, ಕೊಲೆ, ವ್ಯಭಿಚಾರ, ಕಳವು, ಜೀವಂತ ಪ್ರಾಣಿಯಿಂದ ಕಿತ್ತ ಮಾಂಸ ತಿನ್ನೋದು ಬೇಡ, ನ್ಯಾಯಾಲಯ ಇರಬೇಕು. ಯಹೂದಿಗೆ 613, ಉಳಿದವರಿಗೆ ಇಷ್ಟೇ. ಅದಕ್ಕೇ ಅವರಲ್ಲಿ ಮತಾಂತರಕ್ಕೆ ಊರೂರು ತಿರುಗೋರಿಲ್ಲ.

ಗುಡ್ಡದ_ಓಣಿ
ಮೊದಲನೇದ್ರಾಗ ನಾವು ಹೊರಗ ಉಳದ್ವಿ ಹಂಗಾರ!

ಶಾಸನಪ್ರಿಯ
ರಂಬಾಮ್ ಕಣ್ಣಿಗೆ ಹೌದು. ಹಳೇ ವಿಗ್ರಹಾರಾಧಕರ ಪಳೆಯುಳಿಕೆ ಅಂತ ಉತ್ತರದ ತುರ್ಕರ ಜೊತೆ ದಕ್ಷಿಣದ ಹಿಂದೂಗಳನ್ನೂ ಹೆಸರಿಸ್ತಾರೆ. ಅವರಿಗೆ ಕ್ರೈಸ್ತರೂ ವಿಗ್ರಹಾರಾಧಕರೇ, ಮುಸಲ್ಮಾನರು ಅಲ್ಲ. ಆದರೆ ಅಶ್ಕೆನಾಜಿ ಪರಂಪರೆಯಲ್ಲಿ ‘ಶಿತ್ತುಫ್’ ಅನ್ನೋ ಇನ್ನೊಂದು ವಿಚಾರ ಬೆಳೀತು: ಒಬ್ಬನೇ ದೇವರನ್ನು ಒಪ್ಪಿ ಅವನ ಜೊತೆ ಇನ್ನೊಂದನ್ನು ಸೇರಿಸಿಕೊಂಡರೆ ಯಹೂದಿಗೆ ತಪ್ಪು, ಬೇರೆಯವರಿಗೆ ತಪ್ಪಲ್ಲ. ಕ್ರೈಸ್ತರಿಗೆ ಮಾಡಿದ ಈ ಜಾಗದಲ್ಲಿ ಹಿಂದೂಗಳೂ ಕೂರ್ತಾರೆ ಅನ್ನೋ ವಾದ ಈಗ ಇದೆ. 2007ರಲ್ಲಿ ದೆಹಲಿ, 2008ರಲ್ಲಿ ಜೆರುಸಲೇಮ್, ಎರಡು ಕಡೆ ಹಿಂದೂ ಆಚಾರ್ಯರೂ ಇಸ್ರೇಲಿನ ಮುಖ್ಯ ರಬ್ಬಿಗಳ ಕಡೆಯವರೂ ಸೇರಿದ್ದರು. 2008ರ ಹೇಳಿಕೆಯಲ್ಲಿ ಹಿಂದೂಗಳು ಪೂಜಿಸೋದು ಒಬ್ಬನೇ ಪರಮಾತ್ಮನನ್ನು, ಸಾಕಾರವಾಗಿಯೂ ನಿರಾಕಾರವಾಗಿಯೂ, ಅಂತ ಬರೆದಿದೆ. ತೀರ್ಪಿನ ಬಲ ಅದಕ್ಕಿಲ್ಲ, ಅದು ಬರೀ ಹೇಳಿಕೆ. ವಿಗ್ ತೀರ್ಪಿನ ನಾಲ್ಕೇ ವರ್ಷಕ್ಕೆ ಬಂತು ಅನ್ನೋದನ್ನು ಗಮನಿಸಿ.

ಒಲೆಮುಂದೆ
ಶಬ್ಬಾತ್, ಅಂದ್ರೆ ವಾರದ ವಿಶ್ರಾಂತಿ ದಿನದ ಬಗ್ಗೆ ಯಾರೂ ಬರೀಲಿಲ್ಲ. ದಿನನಿತ್ಯ ಎದುರಾಗೋದು ಅದೇ. ಶುಕ್ರವಾರ ಸಂಜೆಯಿಂದ ಶನಿವಾರ ರಾತ್ರಿವರೆಗೆ ಬೆಂಕಿ, ದೀಪ ಮುಟ್ಟುವಂತಿಲ್ಲ, ಬೇರೆಯವರಿಗೆ ‘ಹಚ್ಚಪ್ಪಾ’ ಅಂತ ಹೇಳುವಂತೆಯೂ ಇಲ್ಲ. ಪಕ್ಕದ ಮನೆಯವನು ತನಗೋಸ್ಕರ ದೀಪ ಹಚ್ಚಿದರೆ ಆ ಬೆಳಕಲ್ಲಿ ಕೂರಬಹುದು. ನಿಮಗೋಸ್ಕರ ಹಚ್ಚಿದರೆ ಕೂರುವಂತಿಲ್ಲ. ಮನೆಗೆ ಬೆಂಕಿ ಬಿದ್ದು ಬೇರೆಯವನು ಆರಿಸೋಕೆ ಬಂದರೆ ‘ಆರಿಸು’ ಅನ್ನಬಾರದು, ‘ಬೇಡ’ವೂ ಅನ್ನಬಾರದು. ‘ಆರಿಸಿದವರಿಗೆ ನಷ್ಟವಾಗಲ್ಲ’ ಅನ್ನಬಹುದು. ವಿಪರೀತ ಚಳಿಗೆ ಮಾತ್ರ ನೇರವಾಗಿ ಹೇಳಿ ಒಲೆ ಹಚ್ಚಿಸಬಹುದು, ಚಳಿಯ ಮುಂದೆ ಎಲ್ಲರೂ ರೋಗಿಗಳೇ ಅಂತ ಲೆಕ್ಕ. ಅಮೆರಿಕದ ಸೇನಾಧಿಕಾರಿ ಕಾಲಿನ್ ಪವೆಲ್ ಹುಡುಗನಾಗಿದ್ದಾಗ ನ್ಯೂಯಾರ್ಕಿನಲ್ಲಿ ಈ ಕೆಲಸ ಮಾಡಿಕೊಡ್ತಿದ್ದರು.

ಗುಡ್ಡದ_ಓಣಿ
ಶಬ್ಬಾತ್ ದಿನ ಬ್ಯಾರೆಯವನ ಜೀವ ಹೊಂಟಿದ್ರ ಡಾಕ್ಟರ್ ಏನ್ ಮಾಡ್ತಾನ್ರಿ?

ಶಾಸನಪ್ರಿಯ
ಚಿಕಿತ್ಸೆ ಮಾಡ್ತಾನೆ, ಮಾಡಲೇಬೇಕು. ಗೋಡೆ ಕುಸಿದು ಕೆಳಗೆ ಇರೋನು ಯಹೂದಿಯೋ ಅಲ್ಲವೋ ಅನ್ನೋ ಅನುಮಾನವಿದ್ದರೂ ಅಗೆಯಬೇಕು ಅಂತ ಮಿಷ್ನಾದಲ್ಲೇ ಇದೆ. ಯಹೂದಿಯಲ್ಲ ಅಂತ ಖಚಿತವಿದ್ದರೆ ಹಳೇ ಪಠ್ಯ ಹಿಂಜರಿಯುತ್ತೆ, ಅದು ನಿಜ. ಮೋಶೆ ಫೈನ್‌ಸ್ಟೈನ್ 20ನೇ ಶತಮಾನದಲ್ಲಿ ದ್ವೇಷ ಹುಟ್ಟಿ ಜೀವಕ್ಕೇ ಅಪಾಯ ಬರುತ್ತೆ ಅನ್ನೋ ಕಾರಣ ಕೊಟ್ಟು ಅನುಮತಿಸಿದರು. ಮೆಯಿರಿ ದಾರಿ ಹಿಡಿದವರಿಗೆ ಆ ಕಾರಣವೇ ಬೇಕಿಲ್ಲ, ಜೀವ ಜೀವವೇ. ಫಲ ಒಂದೇ ಆದರೂ ಕಾರಣ ಯಾವುದು ಅನ್ನೋದು ನನಗೆ ಮುಖ್ಯ ಅನ್ನಿಸುತ್ತೆ, ನನ್ನ ಮನಸ್ಸು ಮೆಯಿರಿ ಕಡೆಗೆ.

ತೆಂಕಣಗಾಳಿ
ಮಾರಾಯ್ರೆ, ನಮ್ಮ ಮಂಗಳೂರಿನ ದಾಖಲೆ ಒಂದು ಉಂಟು, ಯಾರೂ ಹೇಳಲಿಲ್ಲ. ಅಬ್ರಹಾಂ ಬೆನ್ ಯಿಜೂ ಅಂತ ಟ್ಯುನೀಷಿಯಾ ಕಡೆಯ ಯಹೂದಿ ವ್ಯಾಪಾರಿ 12ನೇ ಶತಮಾನದಲ್ಲಿ ಇಲ್ಲಿ ಕಂಚಿನ ಪಾತ್ರೆಯ ಕಾರ್ಖಾನೆ ಇಟ್ಟುಕೊಂಡಿದ್ದ. ಅವನ ಕಾಗದಗಳು ಕೈರೋದ ಗೆನಿಜಾದಲ್ಲಿ (ಯಹೂದಿ ಮಂದಿರದ ಹಳೇ ಕಾಗದದ ಕೋಣೆ) ಸಿಕ್ಕಿದ್ದು. 1132ರ ಅಕ್ಟೋಬರಿನಲ್ಲಿ ಅವನು ಮಂಗಳೂರಿನಲ್ಲೇ ಆಶು ಎಂಬ ತುಳುನಾಡಿನ ದಾಸಿಯನ್ನು ಬಿಡುಗಡೆ ಮಾಡಿದ ಪತ್ರ ಉಂಟು. ಪತ್ರದಲ್ಲಿ ಅವಳ ಹೆಸರು ಬೆರಾಖಾ, ಅಬ್ರಹಾಮನ ಮಗಳು. ಬೆರಾಖಾ ಅಂದ್ರೆ ಆಶೀರ್ವಾದ.

ಅವರ ಶಾಸ್ತ್ರದಲ್ಲಿ ಯಹೂದಿಯ ಮನೆಗೆ ದಾಸಿಯಾಗಿ ಬಂದವಳು ನೀರಲ್ಲಿ ಮುಳುಗಿ ಅರ್ಧ ಒಳಗೆ ಬಂದ ಹಾಗೆ. ಬಿಡುಗಡೆ ಪತ್ರ ಕೊಟ್ಟು ಇನ್ನೊಮ್ಮೆ ಮುಳುಗಿದರೆ ಪೂರ್ತಿ ಯಹೂದಿ. ಪತ್ರ ಇಲ್ಲದೆ ಮದುವೆಯೂ ಇಲ್ಲ, ಮಕ್ಕಳಿಗೆ ಸ್ಥಾನವೂ ಇಲ್ಲ. ಹಾಗಾಗಿ ಆ ಒಂದು ಹಾಳೆಯ ಮೇಲೆ ಮುಂದಿನ ಪೀಳಿಗೆಯೇ ನಿಂತಿತ್ತು. ಅವನ ಮಗಳು ಸಿತ್ ಅಲ್‌ದಾರ್ 1156ರಲ್ಲಿ ಸ್ವಂತ ದೊಡ್ಡಪ್ಪ ಚಿಕ್ಕಪ್ಪಂದಿರ ಮನೆಗೇ ಸೊಸೆಯಾಗಿ ಹೋದಳು.

ಕೆರೆಏರಿ
ಇದು ಗೊತ್ತೇ ಇರಲಿಲ್ಲ, ಬಹಳ ಥ್ಯಾಂಕ್ಸ್. ಮುಳುಗೋದು ಅಂದ್ರೆ ಹೊಳೆಯಲ್ಲೇ ಆಗಬೇಕಾ?

ಒಲೆಮುಂದೆ
ಹೊಳೆ, ಸಮುದ್ರ, ಬುಗ್ಗೆ ಯಾವುದಾದರೂ ಸರಿ. ತೊಟ್ಟಿಯಾದರೆ ಮಳೆನೀರು 40 ಸೆಆ ಇರಬೇಕು, ಯಾರ ಲೆಕ್ಕ ಹಿಡೀತೀರಿ ಅನ್ನೋದರ ಮೇಲೆ ಸುಮಾರು 330ರಿಂದ 570 ಲೀಟರ್. ಕೊಡದಲ್ಲಿ ಹೊತ್ತು ತಂದು ತುಂಬಿದರೆ ಆಗಲ್ಲ. 40 ಸೆಆ ತುಂಬೋ ಮೊದಲೇ ಕೊಡದ ನೀರು ಮೂರು ಲೋಗ್ (ಇನ್ನೂ ಸಣ್ಣ ಅಳತೆ) ಬಿದ್ದರೆ ತೊಟ್ಟಿಯೇ ಕೆಟ್ಟಿತು. ಮೈಗೆ ಏನೂ ಅಂಟಿರಬಾರದು: ಉಂಗುರ, ಉಗುರುಬಣ್ಣ, ಜಡೆಯ ಗಂಟು ಎಲ್ಲ ತೆಗೆದೇ ಮುಳುಗಬೇಕು. ಮತಾಂತರಕ್ಕೆ ಮೂವರು ನ್ಯಾಯಾಧೀಶರು ಬೇಕು. ಅವರು ಮೊದಲು ಕೇಳೋದು ‘ಏನು ಕಂಡು ಬಂದೆ? ಈ ಕಾಲದಲ್ಲಿ ಇಸ್ರೇಲ್ ಜನ ನರಳ್ತಿದ್ದಾರೆ, ಗೊತ್ತಿಲ್ಲವಾ?’ ಅಂತ.

ಗುಡ್ಡದ_ಓಣಿ
‘ಅಬ್ರಹಾಮನ ಮಗಳು’ ಅಂದ್ರ ಆ ಯಜಮಾನನ ಹೆಸರೇ ಬಂತಲ್ರೀ? ಬಿಟ್ಟ ಮ್ಯಾಲೂ ಅವನ ಹೆಸರೇ ಹೊರಬೇಕೇನು?

ತೆಂಕಣಗಾಳಿ
ಇಲ್ಲ ಮಾರಾಯ್ರೆ, ಅದು ಮೂಲಪುರುಷ ಅಬ್ರಹಾಂ. ಹೊರಗಿನಿಂದ ಬಂದವರೆಲ್ಲರ ಅಪ್ಪ ಅವನೇ ಅಂತ ಲೆಕ್ಕ, ಯಜಮಾನನ ಹೆಸರು ಏನೇ ಇರಲಿ. ಅದೇ ಶತಮಾನದಲ್ಲಿ ಓಬದ್ಯಾ ಅನ್ನೋ ಮತಾಂತರಿ ರಂಬಾಮ್‌ಗೆ ಕಾಗದ ಬರೆದು, ‘ನಮ್ಮ ಪಿತೃಗಳ ದೇವರೇ’ ಅಂತ ಪ್ರಾರ್ಥನೆಯಲ್ಲಿ ನಾನು ಹೇಳಬಹುದಾ ಅಂತ ಕೇಳಿದ್ದ. ಹೇಳು, ಒಂದಕ್ಷರವನ್ನೂ ಬದಲಿಸಬೇಡ, ಅಬ್ರಹಾಂ ನಿನಗೂ ತಂದೆ ಅಂತ ಉತ್ತರ ಬಂತು.